ದಂತ ಚಿಕಿತ್ಸೆಯಲ್ಲಿ ಮುಖಗವಸು, ಕೈಗವಸು: ಅಂಜಿಕೆ ಹೋಗಲಿ, ರಕ್ಷಣೆ ಉಳಿಯಲಿ

(ಗುಂಡಗುರ್ತಿ ಭಾಗದ ಗ್ರಾಮ ಪಂಚಾಯತ್ ಸದಸ್ಯರಿಗಾಗಿ ನೀಡಿದ ಉಪನ್ಯಾಸದ ಪಾಠ)



ತೊಗರಿ ರಾಶಿಯ ದಿನಗಳಲ್ಲಿ ಈ ಸೀಮೆಯ ಹೊಲಗಳಿಗೆ ಹೋದರೆ ಮೂಗುಬಾಯಿಗೆ ಬಟ್ಟೆ ಕಟ್ಟಿಕೊಳ್ಳದವರು ಕಾಣಸಿಗುವುದು ವಿರಳ. ವಾಡಿ, ಸೇಡಂ, ಮಳಖೇಡದ ಸಿಮೆಂಟ್ ಕಾರ್ಖಾನೆಗಳಲ್ಲಿ ದುಡಿಯುವವರಿಗೂ, ಶಹಾಬಾದ್ ಮತ್ತು ಚಿತ್ತಾಪುರ ಸುತ್ತಲಿನ ಪರಸಿ ಕಲ್ಲಿನ ಗಣಿಗಳಲ್ಲಿ ಕಲ್ಲು ಸೀಳುವವರಿಗೂ ಮುಖಕ್ಕೆ ಸುತ್ತಿದ ವಸ್ತ್ರ ಹೊಸದಲ್ಲ. ಹಾಗೆ ಕಟ್ಟಿಕೊಂಡವರನ್ನು ಕಂಡು ಯಾರೂ ಅಂಜುವುದಿಲ್ಲ. ಅದು ಧೂಳಿಗಾಗಿ ಕಟ್ಟಿದ್ದು ಎಂಬುದು ಎಲ್ಲರಿಗೂ ತಿಳಿದಿದೆ.

ಆದರೆ ಅದೇ ಜನ ಹಲ್ಲಿನ ದವಾಖಾನೆಯ ಕುರ್ಚಿಯಲ್ಲಿ ಒರಗಿದಾಗ, ಮುಖಗವಸು, ಕನ್ನಡಕ, ಪಾರದರ್ಶಕ ಫಲಕ ಧರಿಸಿದ ಒಂದು ಮುಖ ತಮ್ಮ ತೆರೆದ ಬಾಯಿಯ ಮೇಲೆ ಬಾಗಿದಾಗ, ಬೆಚ್ಚುತ್ತಾರೆ. ಹೊಲದಲ್ಲಿ ಬಟ್ಟೆ ಕಟ್ಟಿಕೊಂಡವರು ತಾವೇ, ಬೇಕೆಂದಾಗ ಬಿಚ್ಚಬಲ್ಲರು. ಇಲ್ಲಿ ಕಟ್ಟಿಕೊಂಡವರು ಬೇರೆಯವರು. ಮುಖ ಕಾಣುವುದಿಲ್ಲ, ಮಾತು ಸ್ಪಷ್ಟವಾಗಿ ಕೇಳುವುದಿಲ್ಲ, ತಮ್ಮ ಬಾಯಿ ತೆರೆದಿರುವುದರಿಂದ ಮರುಮಾತಾಡಲೂ ಆಗುವುದಿಲ್ಲ. ಅಂಜಿಕೆ ಹುಟ್ಟುವುದು ಸಹಜ. ಆ ಅಂಜಿಕೆಯನ್ನು ಅಜ್ಞಾನವೆಂದು ಹಳಿಯುವುದು ಸರಿಯಲ್ಲ. ಅದನ್ನು ಅರಿತು ನೀಗಿಸುವುದು ಸಾಧ್ಯ. ಈ ಉಪನ್ಯಾಸದ ವಿಷಯ ಅದೇ.

ಇದು ಸಣ್ಣ ವಿಷಯವೆಂದು ತೋರಬಹುದು. ಕುರ್ಚಿಯಿಂದ ಎದ್ದು ಬಂದವರ ಜೊತೆಗೆ ನೋವೂ ಮನೆಗೆ ಬರುತ್ತದೆ ಎಂಬುದನ್ನು ನೆನೆದರೆ ಇದರ ತೂಕ ತಿಳಿಯುತ್ತದೆ. ಹುಳುಕು ಹಲ್ಲಿನ ಸೋಂಕು ದವಡೆಗೆ ಇಳಿದು ಬಾವು ಬರುತ್ತದೆ. ಕೆಲವರು ಸಂತೆ, ಜಾತ್ರೆಗಳಲ್ಲಿ ಬರಿಗೈಯಲ್ಲಿ ಹಲ್ಲು ಕೀಳುವವರ ಬಳಿಗೆ ಹೋಗುತ್ತಾರೆ. ತಂಬಾಕು, ಸುಪಾರಿ ಜಗಿಯುವವರ ಕೆನ್ನೆಯೊಳಗಿನ ಬಿಳಿ ಮಚ್ಚೆಯನ್ನು ಬೆಳಕಿನಲ್ಲಿ ನೋಡಿ, ಕೈಗವಸಿನ ಬೆರಳಿನಿಂದ ಮುಟ್ಟಿ ಪರೀಕ್ಷಿಸುವ ಅವಕಾಶ ತಪ್ಪಿಹೋಗುತ್ತದೆ. ಕರ್ನಾಟಕದಲ್ಲಿ 2013ರಲ್ಲಿಯೇ ಗುಟ್ಕಾ ನಿಷೇಧವಾಗಿದ್ದರೂ ಜಗಿಯುವ ಚಟ ಹಳ್ಳಿಗಳನ್ನು ಬಿಟ್ಟಿಲ್ಲ. ಬಾಯಿಯ ಕ್ಯಾನ್ಸರ್ ಬೇಗ ಪತ್ತೆಯಾದರೆ ಗುಣಪಡಿಸುವುದು ಸುಲಭ, ತಡವಾದರೆ ಕಷ್ಟ. ಹೀಗಾಗಿ ಒಂದು ಮುಖಗವಸಿನ ಅಂಜಿಕೆ ಒಂದು ಜೀವದ ಪ್ರಶ್ನೆಯೂ ಆಗಬಲ್ಲದು.

ಈ ಹೊದಿಕೆಗಳು ಏಕೆ ಬೇಕು

ಹಲ್ಲು ಕೊರೆಯುವ ಯಂತ್ರದ ತುದಿ ನಿಮಿಷಕ್ಕೆ 3ರಿಂದ 4 ಲಕ್ಷ ಸುತ್ತು ತಿರುಗುತ್ತದೆ. ಬಿಸಿಯಾಗದಂತೆ ಅದರ ಮೇಲೆ ನೀರು ಚಿಮ್ಮುತ್ತಿರುತ್ತದೆ. ಆ ನೀರು ರೋಗಿಯ ಜೊಲ್ಲು, ಕೆಲವೊಮ್ಮೆ ರಕ್ತದೊಡನೆ ಬೆರೆತು, ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳಾಗಿ ಗಾಳಿಗೆ ಏರುತ್ತದೆ. ವೈದ್ಯರ ಮೂಗುಬಾಯಿಯನ್ನು ಮುಖಗವಸು ಕಾಯುತ್ತದೆ. ವೈದ್ಯರ ಉಸಿರು, ಎಂಜಲು ರೋಗಿಯ ಗಾಯಕ್ಕೆ ತಾಗದಂತೆ ತಡೆಯುವುದೂ ಅದೇ. ಮುಖದ ಫಲಕ ಕಣ್ಣನ್ನು ಕಾಯುತ್ತದೆ. ರೋಗಿಗೆ ಕೊಡುವ ಕನ್ನಡಕ, ಹಲ್ಲಿನ ಚೂರು ಅಥವಾ ಔಷಧದ ಹನಿ ಅವರ ಕಣ್ಣಿಗೆ ಬೀಳದಂತೆ ನೋಡಿಕೊಳ್ಳುತ್ತದೆ. ದೀಪದ ಹಿಡಿಕೆಗೂ ಗುಂಡಿಗಳಿಗೂ ಸುತ್ತಿದ ತೆಳು ಪ್ಲಾಸ್ಟಿಕ್ ಹಾಳೆಯನ್ನು ಒಬ್ಬ ರೋಗಿಯ ನಂತರ ತೆಗೆದು ಇನ್ನೊಂದನ್ನು ಸುತ್ತಬೇಕು.

ಕೈಗವಸಿನ ಮಾತು ಎಲ್ಲಕ್ಕಿಂತ ಮುಖ್ಯ. ಯಕೃತ್ತಿಗೆ ತಗಲುವ ಹೆಪಟೈಟಿಸ್ ಬಿ ವೈರಾಣು ಒಣಗಿದ ರಕ್ತದ ಕಲೆಯಲ್ಲಿಯೂ ಕನಿಷ್ಠ 7 ದಿನ ಜೀವಂತ ಉಳಿಯಬಲ್ಲದು. ಒಬ್ಬರ ಬಾಯಿಯಲ್ಲಿ ಬಳಸಿದ ಕೈಗವಸಿನಲ್ಲಿಯೇ ಇನ್ನೊಬ್ಬರ ಬಾಯಿ ಮುಟ್ಟಿದರೆ ಅದು ಬರಿಗೈಗಿಂತ ಮೇಲೇನೂ ಅಲ್ಲ. ಹೊಸ ರೋಗಿಗೆ ಹೊಸ ಕೈಗವಸು ಎಂಬುದು ರಿಯಾಯಿತಿಯಿಲ್ಲದ ನಿಯಮ.

ಇನ್ನೊಂದು ಹೊದಿಕೆ ರಬ್ಬರ್ ಡ್ಯಾಮ್. ಸುಮಾರು 6 ಅಂಗುಲ ಚೌಕದ ತೆಳುವಾದ ರಬ್ಬರ್ ಹಾಳೆಗೆ ರಂಧ್ರ ಮಾಡಿ, ಚಿಕಿತ್ಸೆ ಬೇಕಾದ ಹಲ್ಲು ಮಾತ್ರ ಹೊರಗೆ ಕಾಣುವಂತೆ ಅದನ್ನು ಬಾಯಿಯ ಮೇಲೆ ಹರವಿ, ಹಲ್ಲಿಗೆ ಸಣ್ಣ ಹಿಡಿಕೆ ಹಾಕಿ ನಿಲ್ಲಿಸುತ್ತಾರೆ. ಹಲ್ಲಿನ ಬೇರಿನ ನಾಳ ಶುಚಿಗೊಳಿಸುವ ರೂಟ್ ಕೆನಾಲ್ ಚಿಕಿತ್ಸೆಯಲ್ಲಿ ಇದರ ಉಪಯೋಗ ಹೆಚ್ಚು. ಜೊಲ್ಲು ನಾಳದೊಳಗೆ ಇಳಿಯುವುದಿಲ್ಲ. ಸೂಜಿಯಂಥ ಉಪಕರಣವಾಗಲಿ ತೊಳೆಯುವ ಕಟು ಔಷಧವಾಗಲಿ ಗಂಟಲಿಗೆ ಜಾರುವುದಿಲ್ಲ. ಆದರೆ ಮೊದಲ ಸಲ ಕಂಡವರಿಗೆ ಬಾಯಿ ಮುಚ್ಚಿ ಕಟ್ಟಿದಂತೆ ತೋರುತ್ತದೆ.

ಇವು ಬಂದ ದಾರಿ

ರಬ್ಬರ್ ಡ್ಯಾಮನ್ನು ಮೊದಲು ಬಳಸಿದವರು ನ್ಯೂಯಾರ್ಕಿನ ದಂತವೈದ್ಯ ಸ್ಯಾನ್‌ಫರ್ಡ್ ಬಾರ್ನಮ್; 1864ರಲ್ಲಿ. ಶಸ್ತ್ರಚಿಕಿತ್ಸೆಯ ರಬ್ಬರ್ ಕೈಗವಸಿನ ಕಥೆಯೂ ಹಳೆಯದು. 1889–90ರ ಸುಮಾರಿಗೆ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಶಸ್ತ್ರವೈದ್ಯ ವಿಲಿಯಂ ಹಾಲ್‌ಸ್ಟೆಡ್, ಕ್ರಿಮಿನಾಶಕ ದ್ರಾವಣದಿಂದ ಕೈಚರ್ಮ ಸುಟ್ಟುಕೊಂಡಿದ್ದ ದಾದಿ ಕ್ಯಾರೊಲಿನ್ ಹ್ಯಾಂಪ್ಟನ್ ಅವರಿಗಾಗಿ ತೆಳುವಾದ ಕೈಗವಸು ಮಾಡಿಸಿದರು. ಮೊದಲಿಗೆ ಅದು ದಾದಿಯ ಕೈ ಕಾಯಲು ಬಂದದ್ದು. ರೋಗಿಯ ಗಾಯವನ್ನೂ ಅದು ಕಾಯುತ್ತದೆ ಎಂಬುದು ಬಳಿಕ ಮನವರಿಕೆಯಾಯಿತು.

ಆದರೂ ದಂತವೈದ್ಯರಲ್ಲಿ ಬಹುತೇಕರು 1980ರ ದಶಕದವರೆಗೆ ಬರಿಗೈಯಲ್ಲಿಯೇ ಕೆಲಸ ಮಾಡುತ್ತಿದ್ದರು. ಊರಿನ ಹಿರಿಯರು ‘ಹಿಂದಿನ ಡಾಕ್ಟರು ಇವನ್ನೆಲ್ಲ ಹಾಕಿಕೊಳ್ಳುತ್ತಿರಲಿಲ್ಲ’ ಎಂದರೆ ಅದು ಸುಳ್ಳಲ್ಲ. ಎಚ್‌ಐವಿ ಕಾಣಿಸಿಕೊಂಡ ಮೇಲೆ ಪದ್ಧತಿ ಬದಲಾಯಿತು. 1987ರಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರವು ಒಂದು ಸರಳ ತತ್ತ್ವವನ್ನು ಸಾರಿತು: ಯಾರಿಗೆ ಯಾವ ರೋಗವಿದೆ ಎಂದು ನೋಡಿ ಅಳೆಯಬೇಡಿರಿ, ಪ್ರತಿಯೊಬ್ಬರ ರಕ್ತವನ್ನೂ ಒಂದೇ ಎಚ್ಚರದಿಂದ ಕಾಣಿರಿ. ಇಂದು ಜಗತ್ತಿನ ಆಸ್ಪತ್ರೆಗಳು ನಡೆಯುತ್ತಿರುವುದು ಈ ತತ್ತ್ವದ ಮೇಲೆ.

ಕೈಗವಸು ಅಸ್ಪೃಶ್ಯತೆಯಲ್ಲ

ಈ ತತ್ತ್ವವನ್ನು ಗ್ರಾಮಸಭೆಗಳಲ್ಲಿ ಬಿಡಿಸಿ ಹೇಳುವ ಅಗತ್ಯವಿದೆ. ತಲೆತಲಾಂತರದಿಂದ ಮುಟ್ಟಿಸಿಕೊಳ್ಳದ ನೋವನ್ನು ಉಂಡ ಸಮುದಾಯಗಳ ಜನರು, ವೈದ್ಯರು ಕೈಗವಸು ತೊಡುವುದನ್ನು ಕಂಡಾಗ ಮನಸ್ಸಿನಲ್ಲಿ ಹಿಂಜರಿಯುವುದುಂಟು. ‘ನಮ್ಮನ್ನು ಮುಟ್ಟಲು ಒಲ್ಲರು’ ಎಂಬ ಭಾವ ಮೂಡಿದರೆ ಅವರು ಮತ್ತೊಮ್ಮೆ ಆ ಬಾಗಿಲು ತುಳಿಯುವುದಿಲ್ಲ. ಬಾಯಿಬಿಟ್ಟು ಹೇಳದ ಈ ಅವಮಾನವನ್ನು ಸದಸ್ಯರು ಅರ್ಥಮಾಡಿಕೊಳ್ಳಬೇಕು.

ಅವರಿಗೆ ತಿಳಿಸಬೇಕಾದ ಸತ್ಯ ಇಷ್ಟೇ: ಜಿಲ್ಲಾಧಿಕಾರಿ ಬಂದು ಕುಳಿತರೂ ವೈದ್ಯರು ಕೈಗವಸು ತೊಡುತ್ತಾರೆ, ಕೂಲಿಕಾರರು ಕುಳಿತರೂ ತೊಡುತ್ತಾರೆ, ತಮ್ಮ ಸ್ವಂತ ತಾಯಿಯ ಹಲ್ಲು ನೋಡುವಾಗಲೂ ತೊಡುತ್ತಾರೆ. ಎಲ್ಲರಿಗೂ ತೊಟ್ಟಾಗ ಅದು ಸಮಾನತೆ. ಒಬ್ಬರಿಗೆ ತೊಟ್ಟು ಇನ್ನೊಬ್ಬರಿಗೆ ಬಿಟ್ಟರೆ, ಅಥವಾ ರೋಗದ ಹೆಸರು ಕೇಳಿ ಒಬ್ಬರಿಗೆ ಎರಡು ಜೊತೆ ತೊಟ್ಟು ಎಲ್ಲರೆದುರು ಗುರುತು ಮಾಡಿದರೆ, ಅದು ಭೇದ. ಎಚ್‌ಐವಿ ಇದೆ ಎಂಬ ಕಾರಣಕ್ಕೆ ಚಿಕಿತ್ಸೆ ನಿರಾಕರಿಸುವುದನ್ನು 2017ರ ಎಚ್‌ಐವಿ ಮತ್ತು ಏಡ್ಸ್ ತಡೆ ಹಾಗೂ ನಿಯಂತ್ರಣ ಕಾಯ್ದೆ ನಿಷೇಧಿಸಿದೆ. ಭೇದ ಕಂಡುಬಂದಲ್ಲಿ ಪ್ರಶ್ನಿಸುವುದು ಸದಸ್ಯರ ಕರ್ತವ್ಯ. ಕೈಗವಸನ್ನೇ ಭೇದವೆಂದು ತಿಳಿದವರ ತಪ್ಪುಕಲ್ಪನೆ ನೀಗಿಸುವುದೂ ಅವರದೇ ಕರ್ತವ್ಯ.

ನೆನಪಿನ ಅಂಜಿಕೆ, ಮಾತಿನ ಅಡ್ಡಿ

ಕಲಬುರಗಿ ಜಿಲ್ಲೆಯಲ್ಲಿ ಈ ಅಂಜಿಕೆಗೆ ಇನ್ನೊಂದು ಬೇರಿದೆ. ದೇಶದಲ್ಲಿ ಕೋವಿಡ್‌ನಿಂದ ಸಂಭವಿಸಿದ ಮೊದಲ ಸಾವು ವರದಿಯಾದದ್ದು ಕಲಬುರಗಿಯಿಂದ. 2020ರ ಮಾರ್ಚ್ 10ರಂದು ತೀರಿಕೊಂಡ ಹಿರಿಯರೊಬ್ಬರಿಗೆ ಸೋಂಕು ಇದ್ದುದು ಮಾರ್ಚ್ 12ರಂದು ದೃಢಪಟ್ಟಿತು. ನಂತರದ ತಿಂಗಳುಗಳಲ್ಲಿ ಅಡಿಯಿಂದ ಮುಡಿಯವರೆಗೆ ಬಿಳಿ ಉಡುಪು ತೊಟ್ಟವರು ಆಂಬ್ಯುಲೆನ್ಸ್‌ನಲ್ಲಿ ಬಂದು ಮನೆಮಂದಿಯನ್ನು ಕರೆದೊಯ್ದ ನೋಟವನ್ನು ಜನ ಮರೆತಿಲ್ಲ. ಹೋದವರಲ್ಲಿ ಕೆಲವರು ಹಿಂದಿರುಗಲಿಲ್ಲ. ಅಂಥ ಮನೆಯ ಹಿರಿಯರಿಗೆ ಮುಖ ಮುಚ್ಚಿದ ವೈದ್ಯರನ್ನು ಕಂಡೊಡನೆ ಎದೆ ನಡುಗಿದರೆ ಅದು ಹಲ್ಲಿನ ಅಂಜಿಕೆಯಷ್ಟೇ ಅಲ್ಲ. ಅವರಿಗೆ ಬೇಕಾದದ್ದು ಗದರಿಕೆಯಲ್ಲ, ಎರಡು ನಿಮಿಷದ ಮಾತು.

ಮೂರನೆಯದು ಮಾತಿನ ಅಡ್ಡಿ. ಗಣಿ, ಕಾರ್ಖಾನೆಗಳ ಸದ್ದಿನಲ್ಲಿ ವರ್ಷಗಟ್ಟಲೆ ದುಡಿದು ಕಿವಿ ಮಂದವಾದವರಿದ್ದಾರೆ. ಹುಟ್ಟಿನಿಂದ ಕಿವುಡುತನ ಇರುವವರಿದ್ದಾರೆ. ಇವರಲ್ಲಿ ಅನೇಕರು ಎದುರಿನವರ ತುಟಿ ನೋಡಿ ಮಾತು ಗ್ರಹಿಸುತ್ತಾರೆ. ಮುಖಗವಸು ಆ ತುಟಿಯನ್ನೇ ಮುಚ್ಚಿಬಿಡುತ್ತದೆ. ತಾಂಡಾಗಳಲ್ಲಿ ಲಂಬಾಣಿ ಭಾಷೆ, ಸೇಡಂ ಮತ್ತು ಚಿಂಚೋಳಿಯ ಗಡಿಯೂರುಗಳಲ್ಲಿ ತೆಲುಗು, ಹಲವು ಮನೆಗಳಲ್ಲಿ ಉರ್ದು ಮನೆಮಾತು. ಬೇರೆ ಊರಿನ ವೈದ್ಯರು ಮುಖಗವಸಿನೊಳಗಿಂದ ಆಡಿದ ಮಾತು ಇವರಿಗೆ ಅರ್ಧ ಮಾತ್ರ ತಲುಪುತ್ತದೆ. ಉಳಿದರ್ಧವನ್ನು ಅಂಜಿಕೆ ತುಂಬುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯು ಆಸ್ಪತ್ರೆಗಳು ಅಡೆತಡೆಯಿಲ್ಲದೆ ತಲುಪುವಂತಿರಬೇಕು ಎನ್ನುತ್ತದೆ. ಅರ್ಥವಾಗದ ಮಾತೂ ಮೆಟ್ಟಿಲಿನಷ್ಟೇ ದೊಡ್ಡ ಅಡೆತಡೆ.

ಕುರ್ಚಿಯಲ್ಲಿ ಕುಳಿತವರು ಏನು ಮಾಡಬೇಕು

ಮೊದಲನೆಯದಾಗಿ, ಮಾತೆಲ್ಲವೂ ಚಿಕಿತ್ಸೆಗೆ ಮುನ್ನವೇ ಮುಗಿಯಬೇಕು. ಏನು ಮಾಡುತ್ತಾರೆ, ಎಷ್ಟು ಹೊತ್ತು ಹಿಡಿಯುತ್ತದೆ, ಯಾವಾಗ ನೋಯಬಹುದು ಎಂದು ಕೇಳುವುದು ರೋಗಿಯ ಹಕ್ಕು. ಮುಖಗವಸು ತೊಡುವ ಮೊದಲು ತುಸು ದೂರದಲ್ಲಿ ನಿಂತು ಮುಖ ತೋರಿಸಿ ಮಾತನಾಡುವಂತೆ ವೈದ್ಯರನ್ನು ಕೇಳಬಹುದು. ಚಿಕಿತ್ಸೆಯ ನಡುವೆ ಮುಖಗವಸು ತೆಗೆಯಿರೆಂದು ಕೇಳುವುದು ಮಾತ್ರ ಸಲ್ಲದು.

ಎರಡನೆಯದಾಗಿ, ಸನ್ನೆ ಗೊತ್ತುಮಾಡಿಕೊಳ್ಳಬೇಕು. ಎಡಗೈ ಎತ್ತಿದರೆ ‘ನಿಲ್ಲಿಸಿ’ ಎಂದರ್ಥ. ಬಾಯಿ ಮುಚ್ಚಿದ್ದರೂ ಈ ಸನ್ನೆ ಇದ್ದರೆ ಹಿಡಿತ ರೋಗಿಯ ಕೈಯಲ್ಲಿಯೇ ಇರುತ್ತದೆ. ಏಕಾಏಕಿ ತಲೆ ಅಲ್ಲಾಡಿಸುವುದು, ವೈದ್ಯರ ಕೈ ಹಿಡಿಯುವುದು ಅಪಾಯ. ತಿರುಗುವ ಉಪಕರಣ ನಾಲಿಗೆಗೆ ತಾಗಬಹುದು.

ಮೂರನೆಯದಾಗಿ, ಮೂಗಿನಿಂದ ಉಸಿರಾಡುವುದನ್ನು ಮನೆಯಲ್ಲಿಯೇ ರೂಢಿ ಮಾಡಿಕೊಳ್ಳಬೇಕು. ಎರಡು ಮೂರು ದಿನ ಮುಂಚಿನಿಂದ ಒರಗಿ ಕುಳಿತು, ಬಾಯಿ ತೆರೆದು, ನಾಲ್ಕು ಎಣಿಸುವಷ್ಟು ಹೊತ್ತು ಮೂಗಿನಿಂದ ಉಸಿರು ಎಳೆದು ಆರು ಎಣಿಸುವಷ್ಟು ಹೊತ್ತು ಬಿಡಬೇಕು. ರಬ್ಬರ್ ಡ್ಯಾಮ್ ಹಾಕಿದಾಗಲೂ ಮೂಗು ತೆರೆದೇ ಇರುತ್ತದೆ, ಉಗುಳು ನುಂಗಲು ಬರುತ್ತದೆ, ಹೆಚ್ಚಿನ ಜೊಲ್ಲನ್ನು ನಳಿಕೆ ಹೀರುತ್ತದೆ. ಇದನ್ನು ಮೊದಲೇ ತಿಳಿದವರಿಗೆ ಉಸಿರು ಕಟ್ಟಿದ ಭಾವ ಬರುವುದು ಕಡಿಮೆ. ನೆಗಡಿಯಾಗಿ ಮೂಗು ಕಟ್ಟಿದ್ದರೆ ತಿಳಿಸಬೇಕು. ವೈದ್ಯರು ದಿನ ಮುಂದೂಡಬಹುದು ಅಥವಾ ಹಾಳೆಯ ಬದಿಯಲ್ಲಿ ಉಸಿರಿಗೆ ಕಿಂಡಿ ಬಿಡಬಹುದು.

ನಾಲ್ಕನೆಯದಾಗಿ, ದೇಹದ ತೊಂದರೆಗಳನ್ನು ಮುಚ್ಚಿಡಬಾರದು. ಉಬ್ಬಸ, ಕಲ್ಲಿನ ಧೂಳಿನಿಂದ ಬಂದ ಶ್ವಾಸಕೋಶದ ಕಾಯಿಲೆ ಇದ್ದವರು ಪೂರ್ತಿ ಮಲಗದೆ ಅರೆ ಒರಗಿ ಚಿಕಿತ್ಸೆ ಪಡೆಯಬಹುದು. ಉಸಿರಿನ ಔಷಧ ಜೊತೆಗಿರಲಿ. ಬಲೂನು, ರಬ್ಬರ್ ವಸ್ತು ತಾಗಿದರೆ ತುರಿಕೆ, ಊತ ಬರುವವರು ಮೊದಲೇ ತಿಳಿಸಿದರೆ ನೈಸರ್ಗಿಕ ರಬ್ಬರಿಲ್ಲದ ನೈಟ್ರೈಲ್ ಕೈಗವಸು ಬಳಸುತ್ತಾರೆ. ಸುಪಾರಿ ಜಗಿದು ಬಾಯಿ ಬಿಗಿದವರು ಎಷ್ಟು ತೆರೆಯಬಲ್ಲೆನೆಂದು ತೋರಿಸಬೇಕು, ನಾಚಿಕೊಳ್ಳಬೇಕಿಲ್ಲ.

ಮಕ್ಕಳ ವಿಷಯದಲ್ಲಿ ದಂತವೈದ್ಯರು ‘ಹೇಳು, ತೋರಿಸು, ಮಾಡು’ ಎಂಬ ಕ್ರಮ ಪಾಲಿಸುತ್ತಾರೆ. 1959ರಲ್ಲಿ ಅಮೆರಿಕದ ದಂತವೈದ್ಯ ಆಡಲ್‌ಸ್ಟನ್ ಇದನ್ನು ರೂಪಿಸಿದರು. ಮನೆಯಲ್ಲಿಯೂ ಇದು ಸಾಧ್ಯ. ಹೊಸ ಮುಖಗವಸು, ಕೈಗವಸು ಕೊಟ್ಟು ಡಾಕ್ಟರ ಆಟ ಆಡಿಸಿದರೆ ಮಗುವಿಗೆ ಅದು ಪರಿಚಿತ ವಸ್ತುವಾಗುತ್ತದೆ. ‘ಹಟ ಮಾಡಿದರೆ ಡಾಕ್ಟರು ಸೂಜಿ ಚುಚ್ಚುತ್ತಾರೆ’ ಎಂದು ಹೆದರಿಸುವ ಚಾಳಿಯನ್ನು ಮಾತ್ರ ಹಿರಿಯರು ಬಿಡಬೇಕು.

ಇಷ್ಟನ್ನೂ ಊರವರಿಗೆ ಅವರದೇ ಮಾತಿನಲ್ಲಿ ಹೇಳಲು ಹೆಚ್ಚು ಹೊತ್ತು ಬೇಕಿಲ್ಲ. ಸದಸ್ಯರೊಬ್ಬರು ಓಣಿಯ ಹಿರಿಯರಿಗೆ ಹೀಗೆ ಹೇಳಿದರೆ ಸಾಕು: “ಕಾಕಾ, ಅಂಜಬ್ಯಾಡ್ರಿ. ಡಾಕ್ಟರು ಮಾರಿಗಿ ಮಾಸ್ಕ್ ಕಟ್ಕೊಂಡಿರ್ತಾರ, ಕೈಗಿ ಗ್ಲೌಸ್ ಹಾಕ್ಕೊಂಡಿರ್ತಾರ. ಅದು ನಿಮಗೊಬ್ಬರಿಗೇ ಅಲ್ಲ, ಎಲ್ಲರಿಗೂ ಹಂಗೇ. ಬಾಯಿ ತೆರದಾಗ ಮೂಗಿಲೆ ಉಸುರು ತಗೋರಿ. ತ್ರಾಸ ಆತಂದ್ರ ಎಡಗೈ ಎತ್ರಿ, ಅವರು ನಿಲ್ಲಸ್ತಾರ.”

ಪಂಚಾಯತ್ ಏನು ಮಾಡಬಹುದು

1. ಜೊತೆಗಾರರ ವ್ಯವಸ್ಥೆ: ಹಿರಿಯರು, ಕಿವಿ ಕೇಳದವರು, ತಾಂಡಾದವರು ದಂತ ಚಿಕಿತ್ಸೆಗೆ ಹೋಗುವಾಗ ಅವರ ಭಾಷೆ ಬಲ್ಲವರೊಬ್ಬರು ಜೊತೆಗಿರುವಂತೆ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯು ಆಶಾ ಕಾರ್ಯಕರ್ತೆಯರೊಡನೆ ಮಾತನಾಡಿ ಗೊತ್ತುಮಾಡಬಹುದು. ಜೊತೆಗಾರರು ರೋಗಿಯ ಕಣ್ಣಿಗೆ ಕಾಣುವಂತೆ ಕಾಲಿನ ಕಡೆ ನಿಲ್ಲಬೇಕು. ಓದಲು ಬಲ್ಲವರಿಗೆ ‘ಬಾಯಿ ತೆರೆಯಿರಿ’, ‘ಈಗ ಸದ್ದು ಬರುತ್ತದೆ’, ‘ಮುಗಿಯಿತು’ ಎಂದು ದಪ್ಪಕ್ಷರದಲ್ಲಿ ಬರೆದ ಹಾಳೆ ಸಾಕು.

2. ಮುಖ ತೋರುವ ಚಿತ್ರ: 2015ರಲ್ಲಿ ಎಬೋಲಾ ಪೀಡಿತ ಲೈಬೀರಿಯಾದಲ್ಲಿ ಮೇರಿ ಬೆತ್ ಹೆಫರ್ನನ್ ಎಂಬ ಕಲಾವಿದೆ, ಮೈತುಂಬ ರಕ್ಷಣಾ ಉಡುಪು ತೊಟ್ಟ ಆರೋಗ್ಯ ಸಿಬ್ಬಂದಿಯ ನಗುಮುಖದ ಭಾವಚಿತ್ರವನ್ನು ಅವರ ಎದೆಯ ಮೇಲೆ ಅಂಟಿಸುವ ಕ್ರಮ ತಂದರು. ಊರಿನ ದಂತ ಶಿಬಿರಕ್ಕೆ ಬರುವ ವೈದ್ಯರೂ ಹಾಗೆ ತಮ್ಮ ಚಿತ್ರ, ಕನ್ನಡದಲ್ಲಿ ಬರೆದ ಹೆಸರು ಧರಿಸುವಂತೆ ಕೋರಬಹುದು. ಇದಕ್ಕೆ ಖರ್ಚು ಅತ್ಯಲ್ಪ.

3. ಶಿಬಿರದ ಎಣಿಕೆ: ಶಾಲೆಯಲ್ಲಿ ಶಿಬಿರ ನಡೆಯುವಾಗ ಮಕ್ಕಳು ನೂರಿದ್ದರೆ ಕೈಗವಸು ನೂರು ಜೊತೆಗೆ ಕಡಿಮೆ ಇರಬಾರದು, ಬಾಯಿಗೆ ಹಾಕುವ ಕನ್ನಡಿಗಳು ಪ್ರತಿ ಮಗುವಿಗೂ ಶುದ್ಧೀಕರಿಸಿದವಾಗಿರಬೇಕು. ಶಿಬಿರಕ್ಕೆ ಅನುಮತಿ ಕೇಳಿದಾಗಲೇ ಸದಸ್ಯರು ಈ ಎಣಿಕೆಯನ್ನು ಕೇಳಬೇಕು. ಸಾಮಗ್ರಿ ಸಾಲದಿದ್ದರೆ ನೋಡುವ ಮಕ್ಕಳ ಸಂಖ್ಯೆ ತಗ್ಗಿಸುವುದು ಲೇಸು.

4. ತ್ಯಾಜ್ಯ: 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಬಳಸಿದ ಕೈಗವಸು ಕೆಂಪು ಚೀಲಕ್ಕೆ, ರಕ್ತ ಅಂಟಿದ ಹತ್ತಿ ಹಳದಿ ಚೀಲಕ್ಕೆ, ಸೂಜಿಗಳು ಚುಚ್ಚದಂಥ ಬಿಳಿ ಡಬ್ಬಿಗೆ ಸೇರಬೇಕು. ಇವು ಊರ ತಿಪ್ಪೆಗಾಗಲಿ ಪಂಚಾಯತಿಯ ಸ್ವಚ್ಛವಾಹಿನಿಗಾಗಲಿ ಬೀಳಬಾರದು. ಶಿಬಿರ ನಡೆಸಿದವರೇ ಮರಳಿ ಒಯ್ಯಬೇಕೆಂದು ಮೊದಲೇ ಬರವಣಿಗೆಯಲ್ಲಿ ಪಡೆಯಬೇಕು.

5. ತಿಳಿವಳಿಕೆ: ಮಕ್ಕಳ ಗ್ರಾಮಸಭೆಯಲ್ಲಿ ಮುಖಗವಸು, ಕೈಗವಸುಗಳನ್ನು ಮುಟ್ಟಿ ನೋಡಲು ಕೊಡಬಹುದು. ಗ್ರಾಮಸಭೆಯಲ್ಲಿ ಐದು ನಿಮಿಷ ಎಡಗೈ ಸನ್ನೆ, ಮೂಗುಸಿರನ್ನು ಮಾಡಿ ತೋರಿಸಬಹುದು. ‘ದಂತ ಭಾಗ್ಯ’ ಯೋಜನೆಯಡಿ ಹಲ್ಲುಸೆಟ್ಟಿಗೆ ಅರ್ಹರಾದ ಹಿರಿಯರಿಗೆ ಇದು ವಿಶೇಷವಾಗಿ ಅಗತ್ಯ. ಅಳತೆಗೆ, ಜೋಡಣೆಗೆ ಹಲವು ಸಲ ಹೋಗಬೇಕಾಗುತ್ತದೆ. ಮೊದಲ ದಿನವೇ ಅಂಜಿ ಎದ್ದುಬಂದವರಿಗೆ ಹಲ್ಲು ದೊರೆಯುವುದಿಲ್ಲ.

6. ಸರಿಯಾದ ಬಾಗಿಲು: ಕಾನೂನಿನಂತೆ ನೋಂದಣಿಯಾದವರು ಮಾತ್ರ ದಂತ ಚಿಕಿತ್ಸೆ ನೀಡಬಹುದು. ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಬಹುದು. ಹೆಚ್ಚಿನ ಚಿಕಿತ್ಸೆಗೆ ಕಲಬುರಗಿ ನಗರದಲ್ಲಿ ಎಸ್. ನಿಜಲಿಂಗಪ್ಪ ದಂತ ವಿಜ್ಞಾನ ಸಂಸ್ಥೆ, ಅಲ್-ಬದರ್ ದಂತ ಮಹಾವಿದ್ಯಾಲಯ, ಇಎಸ್‌ಐಸಿ ದಂತ ಮಹಾವಿದ್ಯಾಲಯಗಳಿವೆ. ಬರಿಗೈಯಲ್ಲಿ ಹಲ್ಲು ಕೀಳುವವರು ಸಂತೆಯಲ್ಲಿ ಕುಳಿತರೆ ಆರೋಗ್ಯ ಇಲಾಖೆಗೆ ತಿಳಿಸಬೇಕು.

ಕೊನೆಯದಾಗಿ

ಸಂತೆಯಲ್ಲಿ ಹಲ್ಲು ಕೀಳುವವರ ಮುಖ ಕಾಣುತ್ತದೆ, ಮಾತು ಕೇಳುತ್ತದೆ, ಭಾಷೆ ಊರಿನದೇ. ಜನ ಅವರತ್ತ ವಾಲುವುದು ಅದಕ್ಕಾಗಿಯೇ. ಆದರೆ ಅವರ ಬರಿಗೈಗೆ ಹಿಂದಿನವರ ರಕ್ತ ಅಂಟಿರಬಹುದು. ದವಾಖಾನೆಯ ವೈದ್ಯರ ಕೈ ಶುದ್ಧ. ಮುಖ ಮಾತ್ರ ಮರೆಯಲ್ಲಿದೆ. ಆ ಮರೆಯನ್ನು ತೆಗೆಯಲಾಗದು, ತೆಗೆಯಲೂಬಾರದು. ಅದರ ಹಿಂದೆ ಒಬ್ಬ ಮನುಷ್ಯರಿದ್ದಾರೆ, ಅವರು ತೊಟ್ಟ ಕೈಗವಸು ಎಲ್ಲರಿಗೂ ಒಂದೇ ಎಂಬ ಭರವಸೆಯನ್ನು ಊರಿಗೆ ಕೊಡಬಲ್ಲವರು ಊರಿನವರೇ ಆದ ಸದಸ್ಯರು. ಮುಂದಿನ ಗ್ರಾಮಸಭೆಯ ವಿಷಯಪಟ್ಟಿಯಲ್ಲಿ ಇದಕ್ಕೆ ಐದು ನಿಮಿಷ ಮೀಸಲಿಡುವುದು ಅಪೇಕ್ಷಣೀಯ. ಹಲ್ಲುನೋವನ್ನು ಸಹಿಸಿಕೊಂಡು ಮನೆಯಲ್ಲಿಯೇ ಕುಳಿತವರು ಪ್ರತಿ ಓಣಿಯಲ್ಲಿಯೂ ಇದ್ದಾರೆ. ಅವರಲ್ಲಿ ಒಬ್ಬರು ಎದ್ದು ದವಾಖಾನೆಗೆ ಹೊರಟು, ಎಡಗೈ ಸನ್ನೆ ನೆನಪಿಟ್ಟುಕೊಂಡು, ಚಿಕಿತ್ಸೆ ಮುಗಿಯುವವರೆಗೆ ಕುರ್ಚಿಯಲ್ಲಿ ಕುಳಿತರೆ ಆ ಐದು ನಿಮಿಷ ಸಾರ್ಥಕ.